ಮುದ್ದೆ ಬಿಟ್ಟು ಬಾದಾಮಿ ತಿನ್ನಬೇಕೆ?

ಪ್ಯಾಲಿಯೊ ಪಥ್ಯದ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ತುಮಕೂರಿನ ಪತ್ರವನ್ನು ಮೊದಲು ಓದಿ.

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಕೆಲಸ. ಎತ್ತರ 5 ಅಡಿ 7 ಅಂಗುಲ, ತೂಕ 88 ಕೆ.ಜಿ. ಇತ್ತು. ಜಿಮ್ ತರಬೇತುದಾರರು ಹೇಳಿದ್ದಕ್ಕೆ ಪ್ಯಾಲಿಯೊ ಶುರು ಮಾಡಿದೆ. ಅನ್ನ, ಚಪಾತಿ, ಬೇಳೆ, ಹಾಲು, ಸಕ್ಕರೆ ಎಲ್ಲ ಬಂದ್. ಮೊದಲ ವಾರವೇ 3 ಕೆ.ಜಿ. ಇಳಿದೆ. ಎರಡು ತಿಂಗಳಿಗೆ 7 ಕೆ.ಜಿ. ಆಯಿತು. ಈಗ ಒಂದು ತಿಂಗಳಿಂದ ತೂಕ ನಿಂತಲ್ಲೇ ನಿಂತಿದೆ. ಮದುವೆ, ಆಫೀಸಿನ ಪಾರ್ಟಿ ಅಂತ ಪಥ್ಯವೂ ತಪ್ಪುತ್ತಿದೆ. ನಮ್ಮ ದೇಹ ಶಿಲಾಯುಗದ ಊಟಕ್ಕೇ ಹೊಂದಿಕೊಂಡದ್ದು ಎನ್ನುತ್ತಾರೆ, ನಿಜವೇ? ಮುಂದುವರಿಸಲೇ? – ಬೆಂಗಳೂರು

ಉತ್ತರ: ಮೊದಲು ಆ 3 ಕೆ.ಜಿ. ವಿಷಯ. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಪಿಷ್ಟವು ಗ್ಲೈಕೋಜನ್ ರೂಪದಲ್ಲಿ ಶೇಖರವಾಗಿರುತ್ತದೆ. ಒಬ್ಬ ವಯಸ್ಕರಲ್ಲಿ ಇದು ಅರ್ಧ ಕಿಲೋ ಹತ್ತಿರ ಇರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ ನಿಲ್ಲಿಸಿದ ಕೂಡಲೇ ಈ ದಾಸ್ತಾನು ಕರಗಿ ನೀರು ಮೂತ್ರದಲ್ಲಿ ಹೋಗುತ್ತದೆ. ಮೊದಲ ವಾರ ಇಳಿದದ್ದರಲ್ಲಿ ಹೆಚ್ಚಿನ ಪಾಲು ಈ ನೀರೇ. ಮದುವೆ ಊಟದ ಮರುದಿನ ಒಂದೂವರೆ ಕಿಲೋ ಏರಿದಂತೆ ಕಂಡರೆ ಅದೂ ಇದೇ ನೀರು, ಗಾಬರಿ ಬೇಡ. ಆಮೇಲಿನ 4 ಕೆ.ಜಿ. ಮಾತ್ರ ನಿಮ್ಮ ಶ್ರಮಕ್ಕೆ ಸಿಕ್ಕ ಫಲ, ಅದಕ್ಕೆ ನಿಮ್ಮನ್ನು ಮೆಚ್ಚುತ್ತೇನೆ.

ಮುಂದಿನ ದಾರಿಯನ್ನು ಯೋಚಿಸುವಾಗ ಸ್ವೀಡನ್ನಿನ ಉಮಿಯೊ ನಗರದ ಒಂದು ಅಧ್ಯಯನವನ್ನು ನೆನಪಿಡಿ. ಮುಟ್ಟು ನಿಂತ, ಬೊಜ್ಜು ಇದ್ದ 70 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ಯಾಲಿಯೊ, ಇನ್ನೊಂದಕ್ಕೆ ಆ ಭಾಗದ ಸರ್ಕಾರಗಳು ಶಿಫಾರಸು ಮಾಡುವ ಸಾಮಾನ್ಯ ಆರೋಗ್ಯಕರ ಊಟ ಕೊಟ್ಟು ಎರಡು ವರ್ಷ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಪ್ಯಾಲಿಯೊ ಗುಂಪಿನಲ್ಲಿ ಕೊಬ್ಬು ಸ್ಪಷ್ಟವಾಗಿ ಹೆಚ್ಚು ಕರಗಿತ್ತು. ಎರಡು ವರ್ಷ ಮುಗಿಯುವ ಹೊತ್ತಿಗೆ ಎರಡೂ ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. ರಕ್ತದ ಟ್ರೈಗ್ಲಿಸರೈಡ್ ಮಾತ್ರ ಪ್ಯಾಲಿಯೊದವರಲ್ಲಿ ಕಡಿಮೆಯೇ ಇತ್ತು. ಕಟ್ಟುನಿಟ್ಟಿನ ಪಥ್ಯ ವೇಗವಾಗಿ ಇಳಿಸುತ್ತದೆ, ಆದರೆ ಜನ ಅದನ್ನು ಬಹಳ ಕಾಲ ಪಾಲಿಸಲಾರರು. ನಿಮಗೆ ಮೂರನೇ ತಿಂಗಳಿಗೇ ಅದು ಗೊತ್ತಾಗುತ್ತಿದೆ.

ಪ್ಯಾಲಿಯೊದಲ್ಲಿ ನಿಮಗೆ ನೆರವಾದದ್ದು ಯಾವುದು ಎಂದು ಕೂತು ಯೋಚಿಸಿ. ಸಂಜೆಯ ಪಫ್ಸ್, ದಿನಕ್ಕೆ ನಾಲ್ಕೈದು ಲೋಟ ಸಕ್ಕರೆ ಚಹಾ, ಬಿಸ್ಕತ್ತು, ತಂಪು ಪಾನೀಯ, ರಾತ್ರಿ ತರಿಸಿಕೊಳ್ಳುವ ಬಿರಿಯಾನಿ, ಮೈದಾದ ಪರೋಟ ಇವೆಲ್ಲ ಒಂದೇ ಏಟಿಗೆ ನಿಂತವು. ತರಕಾರಿ, ಮೊಟ್ಟೆ, ಮೀನು ಹೆಚ್ಚಾದವು, ಹೊಟ್ಟೆ ತುಂಬಿತು. ಬೇಳೆ, ಮೊಸರು ಬಿಟ್ಟದ್ದರಿಂದ ತೂಕ ಇಳಿಯಿತು ಎಂದು ನಾನು ಒಪ್ಪಲಾರೆ. ನಿಲ್ಲಿಸಿದ ಬೇಕರಿ ತಿಂಡಿಯನ್ನು ನಿಲ್ಲಿಸಿಯೇ ಇರಿ. ಬೇಳೆ, ಕಾಳು, ಮೊಸರು, ಮಜ್ಜಿಗೆಯನ್ನು ಮತ್ತೆ ತನ್ನಿ. ಮಧ್ಯಾಹ್ನಕ್ಕೆ ಒಂದು ಚಪಾತಿ ಅಥವಾ ಒಂದು ಸಣ್ಣ ಕಪ್ ಅನ್ನ ಸಾಕು. ವಾರಕ್ಕೆ ಎರಡು ಮೂರು ಸಲ ತೂಕ ಎತ್ತುವ ವ್ಯಾಯಾಮ ಬಿಡಬೇಡಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಶಿಲಾಯುಗದ ವಾದಕ್ಕೆ ಮಂಡ್ಯದ ಪತ್ರಕ್ಕೆ ಕೊಟ್ಟ ಉತ್ತರವನ್ನು ನೋಡಿ.

ಪ್ರಶ್ನೆ: ವಯಸ್ಸು 56. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಕೂಡಿದ ಮಾತ್ರೆ, ಜೊತೆಗೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತೇನೆ. ಮಗ ನನ್ನಿಂದ ಪ್ಯಾಲಿಯೊ ಮಾಡಿಸುತ್ತಿದ್ದಾನೆ. ಹತ್ತು ದಿನದಿಂದ ಮುದ್ದೆ, ಅನ್ನ ಮುಟ್ಟಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ 190ರಿಂದ 112ಕ್ಕೆ ಬಂದಿದೆ. ಆದರೆ ಹನ್ನೊಂದು ಗಂಟೆ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತೇನೆ, ಕಣ್ಣು ಕತ್ತಲೆ ಬರುತ್ತದೆ. ದೇಹ ಒಗ್ಗಿಕೊಳ್ಳುತ್ತಿದೆ, ಸರಿಹೋಗುತ್ತದೆ ಎನ್ನುತ್ತಾನೆ ಮಗ. – ತುಮಕೂರು

ಉತ್ತರ: ಅಮ್ಮಾ, ಇದು ದೇಹ ಒಗ್ಗಿಕೊಳ್ಳುವ ಲಕ್ಷಣ ಅಲ್ಲ. ರಕ್ತದ ಸಕ್ಕರೆ ತೀರ ಕೆಳಗೆ ಬೀಳುತ್ತಿರುವ ಲಕ್ಷಣ. ಈ ಪತ್ರಿಕೆ ನಿಮ್ಮ ಕೈ ಸೇರಿದ ದಿನವೇ ನಿಮ್ಮ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಮೊದಲು ಉಣ್ಣುತ್ತಿದ್ದಂತೆಯೇ ಹೊತ್ತು ಹೊತ್ತಿಗೆ ಊಟ ಮಾಡಿ.

ಗ್ಲಿಮೆಪಿರೈಡ್ ನೀವು ಉಂಡಿರಲಿ ಬಿಟ್ಟಿರಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮುದ್ದೆ, ಅನ್ನ ತಿನ್ನುತ್ತಿದ್ದಾಗ ಅದಕ್ಕೆ ಸರಿಯಾಗಿ ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡಿದ್ದರು. ಊಟದಲ್ಲಿ ಪಿಷ್ಟ ಹೋಯಿತು, ಮಾತ್ರೆ ಹಾಗೇ ಉಳಿಯಿತು. ಸಕ್ಕರೆ ಕುಸಿಯದೆ ಇನ್ನೇನಾಗುತ್ತದೆ? ಮತ್ತೆ ಹೀಗಾದರೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ಊಟ ಮಾಡಿ. ಯಂತ್ರ ಹತ್ತಿರ ಇಲ್ಲದಿದ್ದರೆ ನೋಡುತ್ತ ಕೂರಬೇಡಿ, ಮೊದಲು ಸಕ್ಕರೆ ನೀರು ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯವರಿಗೆಲ್ಲ ಇದನ್ನು ಹೇಳಿಡಿ.

ಡಾಪಾಗ್ಲಿಫ್ಲೋಜಿನ್ ಬಗ್ಗೆ ಇನ್ನೊಂದು ಎಚ್ಚರ ಬೇಕು. ಅದು, ಅದೇ ಗುಂಪಿನ ಎಂಪಾಗ್ಲಿಫ್ಲೋಜಿನ್, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು. ಇವುಗಳ ಜೊತೆ ಪಿಷ್ಟವನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಪ್ರಾಣಕ್ಕೆ ಅಪಾಯ ಬರಬಹುದು. ಆಗ ಸಕ್ಕರೆಯ ಅಂಕಿ ಅಷ್ಟೇನೂ ಹೆಚ್ಚು ಇರುವುದಿಲ್ಲವಾದ್ದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ವಾಕರಿಕೆ, ವಾಂತಿ, ಹೊಟ್ಟೆನೋವು, ಜೋರು ಉಸಿರು, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ.

ನಿಮ್ಮ ಮಗನ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಸಕ್ಕರೆ 112ಕ್ಕೆ ಇಳಿದದ್ದು ಊಟದ ಶಕ್ತಿಯನ್ನು ತೋರಿಸುತ್ತದೆ. ಸ್ವೀಡನ್ನಿನ ಸ್ಟಾಫನ್ ಲಿಂಡೆಬರ್ಗ್ ಅವರ ತಂಡ ಹೃದ್ರೋಗದ ಜೊತೆಗೆ ಸಕ್ಕರೆಯ ತೊಂದರೆಯೂ ಇದ್ದ 29 ಗಂಡಸರಿಗೆ 12 ವಾರ ಎರಡು ಬಗೆಯ ಊಟ ಕೊಟ್ಟು 2007ರಲ್ಲಿ ವರದಿ ಮಾಡಿತು. ಪ್ಯಾಲಿಯೊ ಗುಂಪಿನಲ್ಲಿ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಹೆಚ್ಚು ಸುಧಾರಿಸಿತ್ತು. ಚಿಕ್ಕ ಅಧ್ಯಯನ, ಆದರೂ ನಿರ್ಲಕ್ಷಿಸುವಂಥದ್ದಲ್ಲ. ಆದರೆ ಔಷಧ ಕೊಡುವವರಿಗೆ ತಿಳಿಸದೆ ಊಟ ಬದಲಿಸಿದ್ದು ತಪ್ಪು. ವೈದ್ಯರು ಗ್ಲಿಮೆಪಿರೈಡ್ ಇಳಿಸಬಹುದು, ಡಾಪಾಗ್ಲಿಫ್ಲೋಜಿನ್ ನಿಲ್ಲಿಸಲೂಬಹುದು, ಅದನ್ನು ಅವರೇ ತೀರ್ಮಾನಿಸಲಿ. ಹನ್ನೆರಡು ವರ್ಷದ ಮಧುಮೇಹ ಎಂದರೆ ಮೂತ್ರಪಿಂಡವನ್ನೂ ನೋಡಬೇಕು. ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಆಗುವವರೆಗೆ ಮಾಂಸ, ಮೊಟ್ಟೆಯನ್ನು ಮಿತಿಮೀರಿ ಹೆಚ್ಚಿಸಬೇಡಿ. ಆಮೇಲೆ ಮುದ್ದೆಯನ್ನು ಅರ್ಧ ಮಾಡಿ, ಬಸ್ಸಾರಿನ ಪಲ್ಯವನ್ನು ಎರಡರಷ್ಟು ಮಾಡಿ, ವಾರ ವಾರ ಸಕ್ಕರೆ ನೋಡುತ್ತ ಹೋಗಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು 28 ವರ್ಷದವಳು, ಪಿಸಿಒಡಿ ಇದೆ, ತೂಕ 72 ಕೆ.ಜಿ. ನಾವು ಸಸ್ಯಾಹಾರಿಗಳು. ಗೆಳತಿ ಹೇಳಿದಂತೆ ಬೆಳಿಗ್ಗೆ 100 ಬಾದಾಮಿ, ಮಧ್ಯಾಹ್ನ ಪನೀರ್, ರಾತ್ರಿ ತುಪ್ಪದಲ್ಲಿ ಹುರಿದ ತರಕಾರಿ ತಿನ್ನುತ್ತಿದ್ದೇನೆ. ಬೇಳೆಕಾಳಿನಲ್ಲಿ ಲೆಕ್ಟಿನ್ ಇದೆ ಎಂದು ಬಿಟ್ಟಿದ್ದೇನೆ. ಉಪ್ಪಿನ ಬದಲು ಸೈಂಧವ ಲವಣ. ತೂಕ 4 ಕೆ.ಜಿ. ಇಳಿದಿದೆ, ಮುಟ್ಟು ಸರಿಯಾಗುತ್ತಿದೆ. ಆದರೆ ಕೆಟ್ಟ ಕೊಲೆಸ್ಟ್ರಾಲ್ 104 ಇದ್ದದ್ದು 168 ಆಗಿದೆ, ಮಲಬದ್ಧತೆ ಬೇರೆ. – ಶಿವಮೊಗ್ಗ

ಉತ್ತರ: ಮುಟ್ಟು ಸರಿಯಾಗುತ್ತಿರುವುದು ನಿಜಕ್ಕೂ ಸಂತೋಷದ ಸುದ್ದಿ. ಪಿಸಿಒಡಿ ಇದ್ದವರಲ್ಲಿ ದೇಹತೂಕದ ನೂರಕ್ಕೆ ಐದರಷ್ಟು ಇಳಿದರೂ ಚಕ್ರ ಸರಿಯಾಗಲು ನೆರವಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮೂರೂವರೆ ಕಿಲೋ, ನೀವು ಆಗಲೇ ದಾಟಿದ್ದೀರಿ. ಅದು ತೂಕ ಇಳಿದದ್ದರ ಫಲ. ಬಾದಾಮಿಯದ್ದಲ್ಲ.

ಮೂಲ ಪ್ಯಾಲಿಯೊದಲ್ಲಿ ಹಾಲಿಗೆ ಜಾಗವೇ ಇಲ್ಲ, ಆದ್ದರಿಂದ ಪನೀರೂ ಇಲ್ಲ. ಸಸ್ಯಾಹಾರಿಗಳು ಮಾಂಸ ತಿನ್ನಲಾರರು, ಕಾಳೂ ಬೇಡ ಎಂದರೆ ಪ್ರೋಟೀನಿಗೆ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಪನೀರ್, ತುಪ್ಪ, ಬಾದಾಮಿ ಸೇರಿಸಿ ನಮ್ಮ ಕಡೆ ಹೊಸ ಪಥ್ಯವೊಂದನ್ನು ಕಟ್ಟಿದ್ದಾರೆ. 100 ಬಾದಾಮಿ ಎಂದರೆ ಸುಮಾರು 120 ಗ್ರಾಂ, 700 ಕ್ಯಾಲರಿ. ಒಂದು ಪೂರ್ತಿ ಊಟಕ್ಕಿಂತ ಹೆಚ್ಚು. ಬಾದಾಮಿ ಒಳ್ಳೆಯದು, ಆದರೆ 15–20 ಸಾಕು. ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿ ಇದ್ದವರಿಗೆ ಅಷ್ಟು ಬಾದಾಮಿ ಕೆಡುಕು. ಕೊಲೆಸ್ಟ್ರಾಲ್ ಏರಲು ತುಪ್ಪ ಮತ್ತು ಪನೀರಿನ ಜಿಡ್ಡೇ ಕಾರಣ ಎನ್ನಿಸುತ್ತದೆ. ತುಪ್ಪವನ್ನು ದಿನಕ್ಕೆ ಎರಡು ಚಮಚಕ್ಕೆ ಇಳಿಸಿ ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿ. ಆಗಲೂ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ ವೈದ್ಯರಿಗೆ ತೋರಿಸಿ.

ಲೆಕ್ಟಿನ್ ಭಯ ಬಿಡಿ. ಹಸಿ ರಾಜ್ಮಾ ತಿಂದರೆ ವಾಂತಿ ಭೇದಿ ಆಗುವುದು ನಿಜ. ನಮ್ಮಲ್ಲಿ ಹಸಿ ರಾಜ್ಮಾ ತಿನ್ನುವವರು ಯಾರು? ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಬೇಯಿಸಿದರೆ ಲೆಕ್ಟಿನ್ ನಾಶವಾಗುತ್ತದೆ. ಕಬ್ಬಿಣ, ಸತುವು ಹೀರಿಕೊಳ್ಳಲು ಅಡ್ಡಿ ಮಾಡುವ ಫೈಟೇಟ್ ಅಂಶ ಮೊಳಕೆ ಕಟ್ಟಿದರೆ, ಹುದುಗಿಸಿದರೆ ಕಡಿಮೆಯಾಗುತ್ತದೆ. ಮೊಳಕೆ ಹುರುಳಿ ಸಾರು, ಮೊಳಕೆ ಹೆಸರುಕಾಳಿನ ಕೋಸಂಬರಿ ಮಾಡುವ ಮನೆಯಲ್ಲಿ ಈ ಕೆಲಸ ಎಂದಿನಿಂದಲೂ ನಡೆದಿದೆ. ಕಾಳು ಮರಳಿದರೆ ಮಲಬದ್ಧತೆಯೂ ಹೋಗುತ್ತದೆ.

ಸೈಂಧವ ಲವಣಕ್ಕೆ ಅಯೋಡಿನ್ ಬೆರೆಸಿರುವುದಿಲ್ಲ. ಹಾಲು ಮತ್ತು ಅಯೋಡಿನ್ ಉಪ್ಪು ಎರಡನ್ನೂ ಬಿಟ್ಟ ಪ್ಯಾಲಿಯೊ ಪಥ್ಯದವರಲ್ಲಿ ಅಯೋಡಿನ್ ಮಟ್ಟ ಇಳಿದದ್ದನ್ನು ಸ್ವೀಡನ್ನಿನಲ್ಲೇ ಗುರುತಿಸಿದ್ದಾರೆ. ನೀವು ಮುಂದೆ ಮಗು ಬೇಕೆನ್ನುವ ವಯಸ್ಸಿನವರು, ಗರ್ಭದ ಮಗುವಿನ ಮಿದುಳಿಗೆ ಅಯೋಡಿನ್ ಬೇಕೇ ಬೇಕು. ಇವತ್ತೇ ಅಯೋಡಿನ್ ಉಪ್ಪಿಗೆ ಮರಳಿ.

ಪ್ರಶ್ನೆ: ನಾನು ರೈತ, ವಯಸ್ಸು 61. ನಮ್ಮ ತಂದೆ ಮೂರು ಹೊತ್ತು ಮುದ್ದೆ ಉಂಡು ಎಂಬತ್ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬಾಳಿದರು. ಬೆಂಗಳೂರಿನಿಂದ ಬಂದ ಮಗ ಧಾನ್ಯ ತಿನ್ನುವುದೇ ರೋಗಕ್ಕೆ ಮೂಲ, ಮನುಷ್ಯ ಅದಕ್ಕೆ ಹುಟ್ಟಿದವನಲ್ಲ ಎನ್ನುತ್ತಾನೆ. ಮುದ್ದೆ ಅಷ್ಟು ಕೆಟ್ಟದ್ದೇ? – ಮಂಡ್ಯ

ಉತ್ತರ: ಮುದ್ದೆ ಕೆಟ್ಟದ್ದಲ್ಲ. ಆದರೆ ನಿಮ್ಮ ತಂದೆಯವರು ಉಂಡಷ್ಟೇ ಮುದ್ದೆಯನ್ನು ನಿಮ್ಮ ಮಗ ಉಂಡರೆ ಅವನಿಗೆ ಕಷ್ಟ. ನೇಗಿಲು ಹಿಡಿದು, ಏತ ಹೊಡೆದು ಬೆವರು ಸುರಿಸಿದ ಮೈಗೂ ಕುರ್ಚಿಯಲ್ಲಿ ಹತ್ತು ಗಂಟೆ ಕೂರುವ ಮೈಗೂ ಒಂದೇ ಅಳತೆ ಆಗುವುದಿಲ್ಲ.

ಮಗ ಹೇಳುವ ವಾದದ ಬೇರು ಅಮೆರಿಕದಲ್ಲಿದೆ. ವಾಲ್ಟರ್ ವೋಗ್ಟ್ಲಿನ್ ಎಂಬ ಹೊಟ್ಟೆರೋಗದ ವೈದ್ಯರು 1975ರಲ್ಲಿ ಶಿಲಾಯುಗದ ಆಹಾರದ ಬಗ್ಗೆ ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್, ಮೆಲ್ವಿನ್ ಕಾನರ್ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದನ್ನು ಗಂಭೀರ ಚರ್ಚೆಗೆ ತಂದರು. 2002ರಲ್ಲಿ ಲೊರೆನ್ ಕಾರ್ಡೇನ್ ಬರೆದ ಪುಸ್ತಕದಿಂದ ಪ್ಯಾಲಿಯೊ ಮನೆಮಾತಾಯಿತು. ಬೇಸಾಯ ಶುರುವಾಗಿ ಹತ್ತು ಸಾವಿರ ವರ್ಷವಷ್ಟೇ ಆಗಿದೆ, ಅಷ್ಟರಲ್ಲಿ ನಮ್ಮ ದೇಹ ಧಾನ್ಯಕ್ಕೆ ಹೊಂದಿಕೊಂಡಿಲ್ಲ ಎಂಬುದು ಅವರ ತರ್ಕ.

ಭೂಮಿಯಿಂದ ಸಿಕ್ಕಿರುವ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಇಟಲಿಯಲ್ಲಿ ಸಿಕ್ಕ ಸುಮಾರು 30,000 ವರ್ಷ ಹಿಂದಿನ ಅರೆಯುವ ಕಲ್ಲಿಗೆ ಗಿಡಗಳ ಪಿಷ್ಟ ಅಂಟಿಕೊಂಡಿತ್ತು. ಜೋರ್ಡಾನ್‌ನಲ್ಲಿ 14,000 ವರ್ಷಕ್ಕೂ ಹಿಂದಿನ, ಬೇಸಾಯಕ್ಕೂ ಮೊದಲಿನ ರೊಟ್ಟಿಯ ಸುಟ್ಟ ಚೂರುಗಳು ದೊರೆತಿವೆ. ದೇಹವೂ ಸುಮ್ಮನೆ ಕುಳಿತಿಲ್ಲ. ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವ ಗುಣ ಪಶುಪಾಲನೆ ಶುರುವಾದ ನಂತರವೇ ಮನುಷ್ಯರಲ್ಲಿ ಹರಡಿತು.

ನಮ್ಮಲ್ಲೂ ಹಳೆಯ ಶಿಲಾಯುಗದ ದೊಡ್ಡ ನೆಲೆ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದಾಗ ಸಿಕ್ಕ ಕಲ್ಲಿನ ಆಯುಧಗಳಿಗೆ ಹತ್ತು ಲಕ್ಷ ವರ್ಷಕ್ಕೂ ಮಿಗಿಲಾದ ವಯಸ್ಸನ್ನು ಅಂದಾಜು ಮಾಡಿದ್ದಾರೆ. ಕಲ್ಲು, ಮೂಳೆ ಮಣ್ಣಿನಲ್ಲಿ ಉಳಿಯುತ್ತವೆ. ಗೆಡ್ಡೆ, ಸೊಪ್ಪು, ಹಣ್ಣು ಕೊಳೆತು ಹೋಗುತ್ತವೆ. ಆದಿಮಾನವ ಮಾಂಸವನ್ನೇ ತಿಂದ ಎಂಬ ಭಾವನೆ ಬೆಳೆಯಲು ಇದೂ ಒಂದು ಕಾರಣ. ಇನ್ನು ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಮಾರು 4,000 ವರ್ಷ ಹಿಂದೆಯೇ ಹುರುಳಿ, ಹೆಸರು, ಕೊರಲೆ ಬೆಳೆದು ಉಂಡ ಗುರುತಿದೆ. ಈ ನೆಲದ ಜನರಿಗೂ ಕಾಳಿಗೂ ಅಷ್ಟು ಹಳೆಯ ನಂಟು. ಮತ್ತೊಂದು ಮಾತು: ಕಾಡು ಬಾದಾಮಿ ಕಹಿ, ವಿಷಕಾರಿ. ಇವತ್ತು ನಾವು ತಿನ್ನುವ ಸಿಹಿ ಬಾದಾಮಿ, ಹೂಕೋಸು, ಕೋಳಿ ಎಲ್ಲವೂ ರೈತ ಆರಿಸಿ ಬೆಳೆಸಿದ್ದು.

ಆದರೂ ನಿಮ್ಮ ಮಗನ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಕೇಳಿ. 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮವರ ಕ್ಯಾಲರಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಯಿಂದಲೇ ಬರುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯ, ಸಿರಿಧಾನ್ಯದಿಂದ ಬರುವ ಕ್ಯಾಲರಿ ಶೇ. 45 ದಾಟದಿರಲಿ ಎಂದಿದೆ. ಇನ್ನು ನಿಮ್ಮ ಮುದ್ದೆಯ ವಿಷಯ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ, ಕ್ಯಾಲರಿ 320. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಸಕ್ಕರೆಯನ್ನು ಅದೂ ಏರಿಸುತ್ತದೆ. ಒಂದು ಹೊತ್ತಿಗೆ ಒಂದು ಮುದ್ದೆ, ಅದರ ಜೊತೆ ಕಾಳು ಸೊಪ್ಪು ದಂಡಿಯಾಗಿರುವ ಉಪ್ಸಾರು, ಮೊಟ್ಟೆಯೋ ನಾಟಿಕೋಳಿಯೋ ಮೊಸರೋ ಇರಲಿ. ಮುದ್ದೆಯ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವುದನ್ನು ಅಪ್ಪ ಮಗ ಇಬ್ಬರೂ ಬಿಡಿ.

ಪ್ರಶ್ನೆ: ಮೀನು, ಗೆಣಸು, ತೆಂಗಿನಕಾಯಿ ತಿನ್ನುವ ನಾವು ಕರಾವಳಿಯವರು ಆಗಲೇ ಪ್ಯಾಲಿಯೊ ಅಲ್ಲವೇ? ಗೆಡ್ಡೆ ಗೆಣಸು ತಿಂದರೆ ತೂಕ ಏರುತ್ತದೆಯೇ? – ಕುಂದಾಪುರ

ಉತ್ತರ: ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ ಜನ ಹೀಗೇ ಉಣ್ಣುತ್ತಿದ್ದರು. ಮೇಲೆ ಹೇಳಿದ ಲಿಂಡೆಬರ್ಗ್ 1990ರ ಆಸುಪಾಸಿನಲ್ಲಿ ಅಲ್ಲಿಗೆ ಹೋಗಿ ಪರೀಕ್ಷಿಸಿದಾಗ, ಅವರ ಕ್ಯಾಲರಿಯಲ್ಲಿ ಶೇ. 70ರ ಹತ್ತಿರ ಗೆಣಸು, ಕೆಸುವಿನ ಗಡ್ಡೆ, ಹಣ್ಣುಗಳಂಥ ಪಿಷ್ಟದಿಂದ ಬರುತ್ತಿತ್ತು. ಆದರೂ ಬೊಜ್ಜು ಇರಲಿಲ್ಲ, ಹೃದಯಾಘಾತ, ಪಾರ್ಶ್ವವಾಯು ಕಾಣಲಿಲ್ಲ. ಪ್ಯಾಲಿಯೊ ಎಂದರೆ ಪಿಷ್ಟ ಬಿಡುವುದು ಎಂದು ತಿಳಿದವರು ಇದನ್ನು ಗಮನಿಸಬೇಕು. ಆದರೆ ಅವರ ಊಟದಲ್ಲಿ ಸಕ್ಕರೆ, ಎಣ್ಣೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮಲ್ಲಿ ಗೆಣಸಿನ ಜೊತೆ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಬನ್ಸ್ ಕೂಡ ಇದೆಯಲ್ಲ. ಗೆಣಸು ತಿಂದ ಹೊತ್ತು ಅನ್ನ ಬೇಡ. ಬೂತಾಯಿ, ಬಂಗುಡೆಯಂಥ ಅಗ್ಗದ ಮೀನಿನಲ್ಲೇ ಒಮೆಗಾ-3 ಹೇರಳವಾಗಿದೆ, ಹುರಿಯುವುದಕ್ಕಿಂತ ಸಾರು ಮಾಡಿ. ಜೋಯಿಡಾದ ಕುಣಬಿ ಜನ ಬೆಳೆಯುವ ಬಗೆಬಗೆಯ ಗೆಡ್ಡೆಗಳನ್ನು ಅಲ್ಲಿನ ಗೆಡ್ಡೆ ಗೆಣಸು ಮೇಳದಲ್ಲಿ ಕೊಂಡು ನೋಡಿ.

ಪ್ರಶ್ನೆ: ಮಗಳಿಗೆ 14 ವರ್ಷ. ಸ್ವಲ್ಪ ದಪ್ಪ ಇದ್ದಾಳೆ. ಪ್ಯಾಲಿಯೊ ಮಾಡುತ್ತೇನೆ, ಹಾಲು, ರೊಟ್ಟಿ ಬೇಡ ಎಂದು ಹಟ ಹಿಡಿದಿದ್ದಾಳೆ. – ಹುಬ್ಬಳ್ಳಿ

ಉತ್ತರ: ಬೇಡ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಹಾಲು, ಮೊಸರು ಬಿಡಿಸಬಾರದು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ಯಾರಿಗೂ ಇಂಥ ಪಥ್ಯ ಸಲ್ಲದು. ಅವಳ ತೂಕದ ಬಗ್ಗೆ ಮನೆಯಲ್ಲಿ ಯಾರೂ ಹಂಗಿಸದಂತೆ ನೋಡಿಕೊಳ್ಳಿ. ಚಿಪ್ಸ್, ಜ್ಯೂಸ್ ಮನೆಗೆ ತರುವುದನ್ನು ಎಲ್ಲರೂ ನಿಲ್ಲಿಸಿ, ಸಂಜೆ ಆಡಲು ಕಳಿಸಿ. ಊಟವನ್ನೇ ತಪ್ಪಿಸುತ್ತಿದ್ದರೆ, ಉಂಡು ವಾಂತಿ ಮಾಡಿಕೊಳ್ಳುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರಿಗೂ ನಲವತ್ತೈದರ ಮೇಲೆ. ಯಾವ ಕಾಯಿಲೆಯೂ ಇಲ್ಲ, ಹೊಟ್ಟೆ ಬಂದಿದೆ. ಪ್ಯಾಲಿಯೊದ ಒಳ್ಳೆಯದನ್ನಷ್ಟೇ ತೆಗೆದುಕೊಂಡು ದಿನದ ಅಡಿಗೆ ಹೇಗೆ ಮಾಡಲಿ? – ಧಾರವಾಡ

ಉತ್ತರ: ನೀವು ಕೇಳಿದ ರೀತಿ ಸರಿಯಾಗಿದೆ. ಬೆಳಿಗ್ಗೆ ಅವಲಕ್ಕಿ, ಉಪ್ಪಿಟ್ಟಿನ ಬದಲು ಎರಡು ಮೊಟ್ಟೆ ಅಥವಾ ಹೆಸರುಕಾಳಿನ ದೋಸೆ, ಜೊತೆಗೆ ಒಂದು ಪೇರಲ ಹಣ್ಣು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಎಣಗಾಯಿ, ಮಡಕಿಕಾಳು ಪಲ್ಯ, ಹಸಿ ಮೆಂತ್ಯೆ, ಮೂಲಂಗಿ, ಸವತೆಕಾಯಿ, ಒಂದು ಬಟ್ಟಲು ಮೊಸರು. ಎಣ್ಣೆ, ಶೇಂಗಾ ಹಿಂಡಿ ಕಡಿಮೆ ಇರಲಿ. ಸಂಜೆ ಮಿರ್ಚಿ ಭಜಿ, ಗಿರ್ಮಿಟ್ ಬದಲು ಒಂದು ಹಿಡಿ ಹುರಿಗಡಲೆ, ಸಕ್ಕರೆ ಇಲ್ಲದ ಚಹಾ. ರಾತ್ರಿ ಎಂಟರೊಳಗೆ ತರಕಾರಿ ಹೆಚ್ಚಿರುವ ಬೇಳೆ ಸಾರು, ಪಲ್ಯ, ಬೇಕಾದರೆ ಮೀನು ಅಥವಾ ಕೋಳಿ. ಪೇಡೆ ಹಬ್ಬಕ್ಕೆ ಸಾಕು.

ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಕಾಯಿಲೆ ಇಲ್ಲ ಎಂದಿದ್ದೀರಿ, ಪರೀಕ್ಷೆ ಮಾಡಿಸಿದ್ದೀರಾ ಎಂದು ಬರೆದಿಲ್ಲ. ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಒಮ್ಮೆ ನೋಡಿಸಿ ಆರಂಭಿಸಿ, ಮೂರು ತಿಂಗಳಿಗೆ ಮತ್ತೆ ನೋಡಿ.

ಮುಂದೆ ಬರೆಯುವವರು ವಯಸ್ಸು, ಎತ್ತರ, ತೂಕ, ಸೊಂಟದ ಅಳತೆಯ ಜೊತೆಗೆ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಬರೆಯಿರಿ. ಕೈ ನಡುಕ, ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ ಈ ಅಂಕಣಕ್ಕೆ ಬರೆದು ಕಾಯಬೇಡಿ, ಹತ್ತಿರದ ವೈದ್ಯರ ಬಳಿಗೆ ಹೋಗಿ.